ಹಳದಿ ಟೋಪಿ

ಒಂಬತ್ತು ವರ್ಷದ ಹಿಂದೆ ತಲೆಗೆ ಹಳದಿ ಟೋಪಿ ಬಂದ ದಿನ ಚಂದ್ರಲೇಖಾ ಮತ್ತಿಗಿರಿಯ ತನ್ನ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದಳು. ಕಾರುಗಳಿಗೆ ವೈರು ಜೋಡಿಸುವ ಆ ಜರ್ಮನ್ ಕಾರ್ಖಾನೆಯಲ್ಲಿ ನೀಲಿ ಟೋಪಿ ಕೆಲಸಗಾರರಿಗೆ, ಹಳದಿ ಸೂಪರ್‌ವೈಸರಿಗೆ. ಸಂಬಳ ಹೆಚ್ಚಿದ್ದು ಆರುನೂರು ರೂಪಾಯಿ, ಕೆಲಸ ಅದೇ ವೈರು ಜೋಡಿಸುವುದು. ಆದರೆ ಅಲ್ಲಿಯವರೆಗೆ ‘ಅಕ್ಕಾ’ ಎನ್ನುತ್ತಿದ್ದ ಹುಡುಗಿಯರು ‘ಮೇಡಂ’ ಎನ್ನತೊಡಗಿದರು. ಆ ಒಂದು ಮಾತಿಗೆ ಹೆಂಗಸು ಸೋತುಹೋದಳು ನೋಡಿ.

ಈಗ ಅದೇ ಟೋಪಿ ಕುತ್ತಿಗೆಗೆ ಬಂದಿತ್ತು. ಜರ್ಮನಿಯ ತಾಯಿ ಕಂಪನಿ ದಿವಾಳಿಯೆದ್ದು, ಹೊಸೂರಿನ ಈ ಕಾರ್ಖಾನೆಯ ಗೇಟಿಗೂ ಬೀಗ ಬಿದ್ದು ಎರಡು ವರ್ಷ. ಯಂತ್ರಗಳು ತನಗೆ ಸೇರಬೇಕೆಂದು ಅಲ್ಲಿನ ಬ್ಯಾಂಕು, ತನಗೆ ಅಡವಿಟ್ಟವೆಂದು ಇಲ್ಲಿನ ಬ್ಯಾಂಕು. ಅಲ್ಲೊಂದು ಕೋರ್ಟು, ಚೆನ್ನೈನಲ್ಲೊಂದು. ಕೊನೆಗೆ ಯಂತ್ರಗಳು ಇಲ್ಲೇ ಹರಾಜಾದವು. ಬಂದ ಹಣದಲ್ಲಿ ಬಾಕಿ ಸಂಬಳಕ್ಕೆಂದು ಅಡವು ಹಿಡಿದ ಬ್ಯಾಂಕಿನ ಸರಿಸಮಕ್ಕೆ ನಿಲ್ಲುವವರು ಕೆಲಸಗಾರರು ಮಾತ್ರ. ಸೂಪರ್‌ವೈಸರುಗಳದು ಅವರ ಕೆಳಗಿನ ಸಾಲು. ಆ ಸಾಲಿಗೆ ಬರುವಷ್ಟರಲ್ಲಿ ಬಿಡಿಗಾಸೂ ಉಳಿಯುವುದಿಲ್ಲವೆಂದು, ಹಣ ಬರಬೇಕಾದವರ ಪಟ್ಟಿ ಮಾಡಲು ಬಂದಿದ್ದ ಅಧಿಕಾರಿ ವಸುಧೇಂದ್ರ ಮುಚ್ಚುಮರೆಯಿಲ್ಲದೆ ಹೇಳಿದ್ದ.

ಆ ಬಾಕಿ ಸಂಬಳದ ಮೇಲೆ ಮಗಳು ಸರಳಾಳ ಬದುಕು ನಿಂತಿತ್ತು. ನರ್ಸಿಂಗ್ ಪಾಸಾಗಿದ್ದರೂ ಫೀಸು ಬಾಕಿಯೆಂದು ಕೃಷ್ಣಗಿರಿಯ ಕಾಲೇಜಿನವರು ಸರ್ಟಿಫಿಕೇಟು ಹಿಡಿದಿಟ್ಟುಕೊಂಡಿದ್ದರು. ಕೆಲಸ ಕೊಡುತ್ತೇವೆಂದ ಸೇಲಂ ಆಸ್ಪತ್ರೆಯವರು ಕಾಯುವುದು ಬರುವ ತಿಂಗಳ ಕೊನೆಯವರೆಗೆ. ಮನೆಯಲ್ಲಿ ಮಾರುವಂಥದ್ದು ಇನ್ನೇನೂ ಉಳಿದಿರಲಿಲ್ಲ.

ಒಂದೇ ದಾರಿಯಿತ್ತು. ಇವಳು ಹೆಸರಿಗಷ್ಟೇ ಸೂಪರ್‌ವೈಸರ್, ಅಧಿಕಾರವೇನೂ ಇರಲಿಲ್ಲ ಎಂದು ಕೈಕೆಳಗೆ ದುಡಿದ ಯಾರಾದರೂ ಸಾಕ್ಷಿ ಹೇಳಬೇಕು. ಮನೆಮನೆಗೆ ಹೋಗಿ ಕೈಮುಗಿದಳು. ಎಲ್ಲರೂ ನುಣುಚಿಕೊಂಡರು, ಕೆಲಸಗಾರರ ಪಟ್ಟಿಗೆ ಒಂದು ಹೆಸರು ಸೇರಿದರೆ ತಮ್ಮ ಪಾಲು ಅಷ್ಟು ಸಣ್ಣದಾಗುತ್ತದಲ್ಲ. ಬಂದವಳು ಸಾನಮಾವು ಊರಿನ ಕಡೆಯ ನಾಗಲಕ್ಷ್ಮಿ ಒಬ್ಬಳೇ. ನಾಲ್ಕು ವರ್ಷದ ಹಿಂದೆ ತಾಯಿಗೆ ಕೊನೆಗಾಲವೆಂದು ಅವಳು ರಜೆ ಚೀಟಿ ಬರೆದುಕೊಟ್ಟಾಗ, ರಜೆ ಸಿಕ್ಕಲಿಲ್ಲ ಅಂದವಳು ಇದೇ ಚಂದ್ರಲೇಖಾ. ಶಿಫ್ಟು ಮುಗಿಸಿ ಮನೆ ಮುಟ್ಟುವ ಹೊತ್ತಿಗೆ ಹೆಣ ಅಂಗಳದಲ್ಲಿತ್ತು. ಈಗ ಅವಳು ಬರುತ್ತೇನೆ, ಕೇಳಬೇಕಾದ್ದೊಂದಿದೆ ಎಂದಷ್ಟೇ ಹೇಳಿದ್ದಳು.

ಮುಚ್ಚಿದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೇಜು ಹಾಕಿಕೊಂಡಿದ್ದ ವಸುಧೇಂದ್ರ, ರಜೆ ಕೊಡುವುದು ಬಿಡುವುದು ಇವರ ಕೈಯಲ್ಲಿತ್ತೇ ಎಂದು ಕೇಳಿದ. ನಾಗಲಕ್ಷ್ಮಿ ಪಕ್ಕದಲ್ಲಿದ್ದ ಚಂದ್ರಲೇಖಾಳತ್ತ ತಿರುಗಿದಳು.

“ಅಕ್ಕಾ, ನೀನೇ ಯೋಳು. ನಮ್ಮವ್ವ ಸಾಯೋ ದಿನ ನನ್ನ ಚೀಟಿ ಮ್ಯಾನೇಜರ್‌ಗೆ ಕೊಟ್ಯಾ, ಇಲ್ಲಾ ನೀನೇ ಇಟ್ಕೊಂಡ್ಯಾ?”

ಆ ಚೀಟಿ ಚಂದ್ರಲೇಖಾಳ ಜೇಬು ಬಿಟ್ಟು ಕದಲಿರಲಿಲ್ಲ. ಒಂದು ಆಳು ಕಡಿಮೆಯಾಗಿ ಟಾರ್ಗೆಟ್ಟು ತಪ್ಪಿದರೆ ಟೋಪಿ ಹೋದೀತೆಂಬ ಭಯ. ಜೊತೆಗೆ, ಸುಳ್ಳೇಕೆ, ಇಲ್ಲ ಎನ್ನುವುದರಲ್ಲೊಂದು ರುಚಿಯೂ ಹತ್ತಿತ್ತು. ಈಗ ನಿಜ ಹೇಳಿದರೆ ಸಾಕ್ಷಿ ಎದ್ದು ಹೋಗುತ್ತಾಳೆ, ಸರಳಾಳ ಕಥೆ ಅಲ್ಲಿಗೆ ಮುಗಿಯುತ್ತದೆ. ಮ್ಯಾನೇಜರಂತೂ ಎರಡು ವರ್ಷದ ಹಿಂದೆಯೇ ಜರ್ಮನಿಗೆ ಹಾರಿಹೋಗಿದ್ದ.

“ಕೊಟ್ಟೆ ಕಣೆ. ಆವಯ್ಯ ಓದ್ದೇನೇ ಹರಿದಾಕ್ಬುಟ್ಟ.”

ನಾಗಲಕ್ಷ್ಮಿ ದೊಡ್ಡ ಉಸಿರು ಬಿಟ್ಟಳು. ಇವರ ಕೈಯಲ್ಲಿ ಏನೂ ಇರಲಿಲ್ಲ, ಚೀಟಿ ಹೊತ್ತುಕೊಂಡು ಹೋಗಿ ಕೊಡುತ್ತಿದ್ದರು ಅಷ್ಟೇ ಎಂದು ಹೇಳಿ ಸಹಿ ಹಾಕಿದಳು. ವಸುಧೇಂದ್ರ ಚಂದ್ರಲೇಖಾಳ ಹೆಸರನ್ನು ಕೆಲಸಗಾರರ ಪಟ್ಟಿಗೆ ಬರೆದುಕೊಂಡ.

ಗೇಟು ದಾಟಿದ್ದೇ ತಡ, ನಾಗಲಕ್ಷ್ಮಿ ರಸ್ತೆಯಲ್ಲೇ ಬಗ್ಗಿ ಅವಳ ಎರಡೂ ಕಾಲು ಹಿಡಿದುಕೊಂಡಳು.

“ನಾಕು ವರ್ಷದಿಂದ ನಿಂಗೂ ನಿನ್ನ ಮಗೀಗೂ ಶಾಪ ಆಕ್ತಿದ್ದೆ ಕಣಕ್ಕ. ಒಟ್ಟೆಗಾಕ್ಕೊ.”

ಚಂದ್ರಲೇಖಾಳಿಗೆ ಕಾಲು ಹಿಂದೆಗೆಯಲು ಆಗಲಿಲ್ಲ. ನಾಗಲಕ್ಷ್ಮಿ ಅತ್ತು ಮುಗಿಸುವವರೆಗೂ ಹಾಗೇ ನಿಂತಿದ್ದಳು.