ಹೆಚ್ಚಾದ ಸೊನ್ನೆ

ಹರಾರೆಯ ಒಂದು ಸಣ್ಣ ಬೆಲೆಗಣತಿ ಕಚೇರಿಯಲ್ಲಿ ಹಣದುಬ್ಬರದ ಲೆಕ್ಕಕ್ಕೆ ಕಂಪ್ಯೂಟರ್ ಮಾದರಿ ಕಟ್ಟುವವಳು ರತಿಡ್ಜೊ. 2008ರ ಆ ಚಳಿಗಾಲದಲ್ಲಿ ಬೆಲೆಗಳಿಗೆ ಹುಚ್ಚು ಹಿಡಿದಿತ್ತು. ಅವನ್ನು ಪಳಗಿಸಲು ಅವಳೊಂದು ನಿಯಮ ಬರೆದಿದ್ದಳು: ಯಾವುದೇ ಬೆಲೆ ವಾರದಲ್ಲಿ ಹತ್ತು ಪಟ್ಟು ಮೀರಿ ಜಿಗಿದರೆ ಕಂಪ್ಯೂಟರ್ ಅದನ್ನು ಬರೆದವನ ತಪ್ಪೆಂದು ಕೆಂಪು ಮಾಡಿ ಕಿತ್ತುಹಾಕುತ್ತಿತ್ತು, ಆ ಜಾಗಕ್ಕೆ ತನ್ನ ಅಂದಾಜು ತುಂಬುತ್ತಿತ್ತು. ಮೇಲಿನವರಿಗೆ ನಿಯಮ ಬಹಳ ಹಿಡಿಸಿತ್ತು; ಹಿಡಿಸದೆ ಏನು, ಕಾಗದದ ಮೇಲಾದರೂ ಹಣದುಬ್ಬರ ತಗ್ಗುತ್ತಿತ್ತಲ್ಲ!

ಎಂಬಾರೆ ಪೇಟೆಯ ಬೆಲೆ ಬರೆದು ತರುತ್ತಿದ್ದವನು ಮುದುಕ ಮುಟಿಜ್ವಾ; ಕಚೇರಿಯವರೆಲ್ಲ ಅವನನ್ನು ‘ಸೆಕುರು’, ಅಂದರೆ ಅಜ್ಜ, ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವನ ಹಾಳೆಯ ಇನ್ಸುಲಿನ್ ಸಾಲು ಕೆಂಪಾಯಿತು.

“ಏನ್ ಸೆಕುರು, ಬೆಳಿಗ್ಗೆ ಬೆಳಿಗ್ಗೇನೇ ಏರಿಸ್ಕೊಂಡು ಬಂದ್ರಾ? ಒಂದು ಸೊನ್ನೆ ಜಾಸ್ತಿ ಬಿದ್ದಿದೆ,” ಎಂದು ರತಿಡ್ಜೊ ಎಲ್ಲರೆದುರು ನಕ್ಕಳು.

“ಕನ್ನಡಕ ಹಾಕ್ಕೊಂಡು ಎರಡು ಸಲ ಎಣಿಸಿದೀನಿ ಮೊಮ್ಮಗಳೇ.”

“ನಮ್ಮಮ್ಮಂಗೂ ಇದೇ ಔಷಧಿ. ನಂಗೆ ಬೆಲೆ ಗೊತ್ತಿಲ್ವಾ?”

ಮಧ್ಯಾಹ್ನ ಕಂಪ್ಯೂಟರಿನ ಅಂದಾಜನ್ನೇ ನಂಬಿ, ಅಷ್ಟೇ ನೋಟಿನ ಕಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಔಷಧಿ ಅಂಗಡಿಗೆ ಹೋದಳು. ಬೆಲೆ ಮುದುಕ ಬರೆದಷ್ಟೇ ಇತ್ತು; ತಂದ ಹಣ ಸಾಲಲಿಲ್ಲ. ಇದ್ದಬದ್ದದ್ದನ್ನು ಮಾರಿ ಮರುದಿನ ಹೋದರೆ ಇಮ್ಮಡಿಯಾಗಿತ್ತು. ಮೂರನೆಯ ದಿನ ಔಷಧಿಯೇ ಇರಲಿಲ್ಲ. ನಾಲ್ಕನೆಯ ದಿನ ಅಮ್ಮ ಕಣ್ಣು ಮುಚ್ಚಿದಳು.

ಮಣ್ಣು ಮಾಡಿ ಬಂದ ಮೇಲೆ ಶುರುವಾಯಿತು. ಪರದೆಯ ಮೇಲೆ ಸಾಲೊಂದು ಕೆಂಪಾದಾಗಲೆಲ್ಲ ಬೆನ್ನ ಹಿಂದೆ ಅಮ್ಮನ ದನಿ: “ಇದೂ ತಪ್ಪೇನೇ ರತಿ?” ತಿರುಗಿದರೆ ಖಾಲಿ ಕುರ್ಚಿ. ಹಾಡಹಗಲಲ್ಲಿ, ಹತ್ತು ಜನ ಕೂತ ಕೋಣೆಯಲ್ಲಿ! ಅವಳಿಗೆ ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ವಾರ ತಡೆದಳು. ಕೊನೆಗೆ ಯಾರನ್ನೂ ಕೇಳದೆ ನಿಯಮವನ್ನು ಅಳಿಸಿಬಿಟ್ಟಳು. ಇನ್ನಾದರೂ ಅಮ್ಮ ಸುಮ್ಮನಾಗುತ್ತಾಳೆ ಎಂದುಕೊಂಡಳು.

ಉಳಿದ ಪೇಟೆಗಳ ಬೆಲೆಗಳು ಹಗ್ಗ ಬಿಚ್ಚಿದ ಕರುಗಳಂತೆ ನೆಗೆದವು. ನಕ್ಷೆಯಲ್ಲಿ ಎಂಬಾರೆಯ ಗೆರೆ ಮಾತ್ರ ತಣ್ಣಗೆ ಏರುತ್ತಿತ್ತು. ಅವಳು ಮುದುಕನನ್ನು ಕೂರಿಸಿಕೊಂಡು ಕಾರಣ ಕೇಳಿದಳು.

“ಅವತ್ತು ಎಲ್ಲರ ಮುಂದೆ ನಗೆಪಾಟಲಾಯ್ತಲ್ಲ. ಈ ವಯಸ್ಸಲ್ಲಿ ಕೆಲಸ ಹೋದ್ರೆ ನನ್ನ ಯಾರು ಇಟ್ಕೋತಾರೆ? ಆಮೇಲಿಂದ ಜಾಸ್ತಿ ಅನ್ಸಿದ್ದಕ್ಕೆಲ್ಲ ನಾನೇ ಒಂದು ಸೊನ್ನೆ ತೆಗೆದು ಬರೀತೀನಿ. ಒಂದೂ ಕೆಂಪಾಗಿಲ್ಲ ತಾನೆ?”

“ಯಾವುದಕ್ಕೆಲ್ಲ ತೆಗೆದ್ರಿ? ಹೇಳಿ, ಸರಿ ಮಾಡ್ತೀನಿ.”

“ಅಯ್ಯೋ, ಅದೆಲ್ಲ ಎಲ್ಲಿ ನೆನಪಿರುತ್ತೆ?”

ಕಚೇರಿಯ ಈ ಅಂಕಿ ನೋಡಿಯೇ ಎಷ್ಟೋ ಕಡೆ ಸಂಬಳ ಏರಿಸುತ್ತಿದ್ದರು. ಅಷ್ಟನ್ನೇ ಚೀಲಕ್ಕೆ ತುಂಬಿಕೊಂಡು ಎಷ್ಟು ಜನ ಅಂಗಡಿಗೆ ಹೋಗಿರಬೇಡ! ರತಿಡ್ಜೊ ಅಂದಿನ ಹಾಳೆಯನ್ನು ಮುದುಕನ ಮುಂದಿಟ್ಟು, ಅಲ್ಲಿ ಹಿರಿಯರಿಗೆ ಗೌರವ ತೋರಲು ತಟ್ಟುವಂತೆ ಮೆಲ್ಲಗೆ ಕೈತಟ್ಟಿ, “ಕಂಡದ್ದು ಕಂಡ ಹಾಗೆ ಬರೀರಿ ಸೆಕುರು,” ಎಂದು ಬೇಡಿಕೊಂಡಳು.

ಮುದುಕ ಜೋಳದ ಹಿಟ್ಟಿನ ಸಾಲಿಗೆ ಬಂದ. ಸೊನ್ನೆಗಳನ್ನು ಒಂದೊಂದಾಗಿ ಸುತ್ತಿದ. ಕೊನೆಯದು ಹಾಕುವ ಮುನ್ನ ತಲೆಯೆತ್ತಿ ಅವಳ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು.

“ಇನ್ನೊಂದು ಸೊನ್ನೆ ಇದೆ. ಇರ್ಲಿ ಬಿಡು ಮೊಮ್ಮಗಳೇ, ಈಗಷ್ಟೇ ಅಮ್ಮನ್ನ ಕಳ್ಕೊಂಡೋಳು ನೀನು,” ಎಂದು ಹಾಳೆಗೆ ಸಹಿ ಹಾಕಿಬಿಟ್ಟ.