ಜೊತೆಗೇ ಬಂದ ಸಲಕರಣೆ

ಆಸ್ಪತ್ರೆಯ ನಲವತ್ತು ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ಎಲ್ಲರೂ ಇಟ್ಟಿದ್ದ ಹೆಸರು ‘ಕರಿಪರದೆ ಸರ್’. ಹತ್ತೊಂಬತ್ತು ವರ್ಷಗಳಿಂದ ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿಯೇ ಅವರು ಎಲ್ಲ ಕೆಲಸ ಮುಗಿಸುತ್ತಿದ್ದರು. ಮೌಸ್ ಹಿಡಿದದ್ದನ್ನು ಕಂಡವರಿರಲಿಲ್ಲ.

ಸರ್ವರ್‌ಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದಾಗ ಅದರ ಜೊತೆಗೇ ನಿರ್ವಹಣೆಯ ಸಲಕರಣೆಗಳೂ ಬಂದಿದ್ದವು. ಯಾವುದರಲ್ಲಿ ಜಾಗ ತುಂಬುತ್ತಿದೆ, ಯಾವುದಕ್ಕೆ ಅಪ್‌ಡೇಟ್ ಬಾಕಿ ಇದೆ ಎಂದು ಒಂದೇ ಪುಟದಲ್ಲಿ ತೋರಿಸಿ, ಅಲ್ಲಿಂದಲೇ ಸರಿಪಡಿಸಲು ಬಿಡುವಂಥವು. ಪಕ್ಕದ ಮೇಜಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ “ಬಳಸಿ ನೋಡೋಣ ಸರ್” ಎಂದಾಗಲೆಲ್ಲ ಅವರು “ಅದೆಲ್ಲ ಮಕ್ಕಳಾಟ ಕಣಮ್ಮ” ಎಂದು ತಳ್ಳಿಹಾಕುತ್ತಿದ್ದರು.

ಆ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ನರದ ಕಾಯಿಲೆ, ನಿಧಾನವಾಗಿ ಹೆಚ್ಚುತ್ತದೆ ಎಂದರು ಡಾಕ್ಟರು. ವಿಷಯ ತಿಳಿದಿದ್ದದ್ದು ಹೆಂಡತಿಗೆ ಮಾತ್ರ. “ಆಫೀಸಲ್ಲಿ ಹೇಳ್ಬಿಡ್ರಿ” ಎಂದು ಆಕೆ ದಿನವೂ ಗೋಗರೆದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಿದರೆ ಮನೆಗೆ ಕಳಿಸಿಬಿಡುತ್ತಾರೆ ಎಂಬ ದಿಗಿಲು.

ಒಂದು ಮಧ್ಯಾಹ್ನ ಲ್ಯಾಬಿನಿಂದ ಫೋನ್ ಬಂತು. “ಸರ್, ಐಸಿಯುಗೆ ಒಂದು ರಿಪೋರ್ಟೂ ಹೋಗ್ತಿಲ್ಲ!”

ಲ್ಯಾಬ್ ಸರ್ವರ್‌ನ ಡಿಸ್ಕ್ ಭರ್ತಿಯಾಗಿತ್ತು. ಸರ್ವರ್ ತನ್ನ ಕೆಲಸದ ದಾಖಲೆ ಬರೆದಿಡುವ ಹಳೆಯ ಲಾಗ್ ಫೈಲುಗಳನ್ನು ಅಳಿಸುವ ಕಮಾಂಡ್ ಅವರಿಗೆ ಬಾಯಿಪಾಠ. ಟೈಪ್ ಮಾಡಿ, ಎಂಟರ್ ಒತ್ತುವ ಮೊದಲು ಒಮ್ಮೆ ಓದಿದರು. ನಡುವೆ ಒಂದು ಸ್ಪೇಸ್ ಹೆಚ್ಚು ಬಿದ್ದು ಫೈಲುಗಳ ವಿಳಾಸ ಎರಡು ತುಂಡಾಗಿತ್ತು. ಒತ್ತಿದ್ದರೆ ರೋಗಿಗಳ ರಿಪೋರ್ಟುಗಳೇ ಅಳಿಸಿಹೋಗುತ್ತಿದ್ದವು. ತಿದ್ದಲು ಹೋದರೆ ಬೆರಳು ಇನ್ನೆಲ್ಲೋ ತಾಗಿತು. ಕೈಯನ್ನು ತೊಡೆಗೆ ಒತ್ತಿ ಹಿಡಿದು ಸುಮ್ಮನೆ ಕೂತುಬಿಟ್ಟರು.

ಸಹೋದ್ಯೋಗಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಅವರ ಕೈಯ ಕಡೆ ನೋಡಲಿಲ್ಲ.

“ಸರ್, ನನ್ನ ಡೇಟಾಬೇಸ್ ಇರೋ ಸರ್ವರ್‌ಗಳನ್ನ ಆ ಪುಟಕ್ಕೆ ಸೇರಿಸಿಟ್ಟಿದೀನಿ. ಲ್ಯಾಬಿಂದೂ ಇದೆ. ಆಮೇಲೆ ಬೈಯಿರಂತೆ.”

ಪುಟ ತೆರೆಯಿತು. ಲ್ಯಾಬ್ ಸರ್ವರ್ ಕೆಂಪಾಗಿತ್ತು.

“ಅಳಿಸೋದು ಬೇಡ,” ಎಂದರು ಅವರು. “ಒಂದು ಡಿಸ್ಕ್ ಮೀಸಲಿಟ್ಟಿದ್ದೆ. ಕಾಣುತ್ತಾ? ಅದನ್ನ ಇದಕ್ಕೆ ಸೇರಿಸು.”

“ಕಾಣ್ತಿದೆ. ನೀವೇ ಸೇರಿಸಿ.”

ಆಕೆ ಮೌಸನ್ನು ಅವರತ್ತ ಸರಿಸಿದಳು. ಕೈ ನಡುಗಿತು, ಆದರೆ ಪರದೆಯ ಗುಂಡಿ ಆ ನಡುಕಕ್ಕಿಂತ ದೊಡ್ಡದಾಗಿತ್ತು. ಖಚಿತವೇ ಎಂದು ಪುಟ ಕೇಳಿತು. ಇಬ್ಬರೂ ಓದಿದರು. ಅವರು ಒತ್ತಿದರು. ಐದು ನಿಮಿಷದಲ್ಲಿ ಲ್ಯಾಬಿನವರೇ ಫೋನ್ ಮಾಡಿ, ರಿಪೋರ್ಟ್ ಹೋಗುತ್ತಿದೆ ಎಂದರು.

“ನಿನಗೆ ಯಾವಾಗ ಗೊತ್ತಾಯ್ತು?”

“ಕಾಫಿ ಲೋಟ ಎಡಗೈಗೆ ಬಂತಲ್ಲ, ಆಗ್ಲೇ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು.”

“ಮತ್ತೆ ಕೇಳ್ಲೇ ಇಲ್ಲ?”

“ನೀವಾಗೇ ಹೇಳ್ತೀರಿ ಅಂತ ಕಾದೆ. ನಿಮಗಿಂತ ಈ ಸರ್ವರ್‌ಗಳೇ ವಾಸಿ ಸರ್. ತೊಂದರೆ ಆದ್ರೆ ಕೆಂಪಾಗಿಯಾದ್ರೂ ತೋರಿಸ್ತವೆ.”

ಅವರು ನಕ್ಕರು. ನಗುತ್ತಲೇ ಕಣ್ಣು ತುಂಬಿ ಬಂತು.

ಸಂಜೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಮುಖ್ಯಸ್ಥರು ಕುರ್ಚಿ ತೋರಿಸಿ ಕೂರಿಸಿದರು. ಆಮೇಲೆ, “ಕೈ ತಾನೇ ನಡುಗೋದು, ತಲೆ ಅಲ್ವಲ್ಲ. ನೀವು ಹೇಳಿ, ನಿಮ್ಮ ಪಕ್ಕದ ಮೇಜಿನವರು ಟೈಪ್ ಮಾಡ್ಲಿ” ಎಂದರು. ಹೊರಬಂದು ಹೆಂಡತಿಗೆ ಫೋನ್ ಮಾಡಿ “ಹೇಳ್ಬಿಟ್ಟೆ ಕಣೇ” ಎಂದಾಗ ಆ ಕಡೆಯಿಂದ ಮೂಗೆಳೆದುಕೊಂಡ ಸದ್ದಷ್ಟೇ ಕೇಳಿಸಿತು.

ಆ ವಾರವೇ ನಲವತ್ತು ಸರ್ವರ್‌ಗಳೂ ಆ ಪುಟಕ್ಕೆ ಸೇರಿದವು. ಅವರು ಇನ್ನೂ ಮೂರೂವರೆ ವರ್ಷ ಅದೇ ಕುರ್ಚಿಯಲ್ಲಿ ಕೆಲಸ ಮಾಡಿದರು. ಪುಟದಲ್ಲಿ ಆಗದ ಕೆಲಸಕ್ಕೆ ಅವರು ಕಮಾಂಡ್ ಹೇಳುತ್ತಿದ್ದರು, ಆಕೆ ಟೈಪ್ ಮಾಡುತ್ತಿದ್ದಳು. ಪ್ರತಿಯೊಂದರ ಹಿಂದಿನ ಕಾರಣವನ್ನೂ ಬಿಡಿಸಿ ಹೇಳುತ್ತಿದ್ದರು. ಆಕೆ ಎಂಟರ್ ಕಡೆ ಕೈ ಚಾಚಿದರೆ ಸಾಕು, “ಅವಸರ ಬೇಡಮ್ಮ, ಇನ್ನೊಂದ್ಸಲ ಓದು” ಎಂದು ತಾವೂ ಪರದೆಯತ್ತ ಬಾಗುತ್ತಿದ್ದರು.