ತಾರಾನಾಥ ಏರಿಸಿದ ವೇಗ

ತಾರಾನಾಥನ ಕಂಪ್ಯೂಟರ್ ಅವತ್ತೂ ಓಡುತ್ತಾ ಓಡುತ್ತಾ ನಿಂತುಬಿಟ್ಟಿತು.

ಗಲ್ಫಿನ ಕೆಲಸ ಬಿಟ್ಟು ಕಾಪುವಿಗೆ ಬಂದ ಮೇಲೆ ಅವನು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಆ ಯಂತ್ರ ಜೋಡಿಸಿದ್ದ. ಅದರೊಳಗಿನ ಗ್ರಾಫಿಕ್ಸ್ ಕಾರ್ಡುಗಳು ಬಿಡುವಿಲ್ಲದೆ ಲೆಕ್ಕ ಮಾಡಿ ಕ್ರಿಪ್ಟೊ ನಾಣ್ಯ ಗಳಿಸಬೇಕು. ಇದಕ್ಕೆ ಮೈನಿಂಗ್ ಎನ್ನುತ್ತಾರೆ. ಗಳಿಕೆ ಹೆಚ್ಚಲೆಂದು ಅವನು ಯಾವುದೋ ವಿಡಿಯೊ ನೋಡಿ, ಕಾರ್ಡುಗಳ ವೇಗವನ್ನು ಕಂಪನಿ ಇಟ್ಟಿದ್ದಕ್ಕಿಂತ ಮೇಲಕ್ಕೆ ಏರಿಸಿದ್ದ. ಅಂದಿನಿಂದಲೇ ಯಂತ್ರದ ಕಾಟ ಶುರು.

ಹೆಂಡತಿ ಪ್ರಫುಲ್ಲಾ ಪಕ್ಕದಲ್ಲೇ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಮೊಗ್ಗಿಗೆ ತಾಗಿದ್ದೇ ಗೊತ್ತಾಗದ ಹಾಗೆ ಓಡುವ ಬೆರಳು ಅವಳದು. ಅವಳು ಕಟ್ಟಿದ ಮಾಲೆಯ ಚೆಂಡೇ ಬೇಕೆಂದು ಮದುವೆಮನೆಯವರು ಹುಡುಕಿಕೊಂಡು ಬರುತ್ತಿದ್ದರು.

“ಎಂತದೋ ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಾ ಉಂಟಲ್ಲ?” ಎಂದಳು.

“ಯಂತ್ರದ ಹೊಸ ಫ್ಯಾನಿನದ್ದು. ಹೋಗ್ತದೆ.”

ಭಾನುವಾರ ಅವನ ತಂಗಿ ಯಶ್ಮಿತಾ ಬಂದಳು. ಕಾರ್ಕಳದಲ್ಲಿ ಕಂಪ್ಯೂಟರ್ ಕಲಿಸುವವಳು. ಕೋಣೆಗೆ ಕಾಲಿಟ್ಟವಳು ಸೆಖೆಗೆ ಹಿಂದೆ ಸರಿದಳು.

“ಅಣ್ಣ, ಮೊದಲು ಇದನ್ನು ಆಫ್ ಮಾಡು. ಈ ಎಕ್ಸ್‌ಟೆನ್ಶನ್ ಬೋರ್ಡ್ ನೋಡು, ಪ್ಲಗ್ಗಿನ ಹತ್ತಿರ ಕಂದಿ ಹೋಗಿದೆ. ಇಷ್ಟು ಲೋಡ್ ಇದು ತಾಳುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಬೇರೆ ಲೈನ್ ಹಾಕಲಿ. ಆಮೇಲೆ ವೇಗವನ್ನು ಕಂಪನಿಯ ಮಟ್ಟಕ್ಕೆ ಇಳಿಸಿ ಓಡಿಸು. ಆಗ ನಿಲ್ಲದಿದ್ದರೆ ತಪ್ಪು ನೀನು ಏರಿಸಿದ ವೇಗದ್ದೇ. ಆಗಲೂ ನಿಂತರೆ ಒಂದೊಂದೇ ಕಾರ್ಡ್ ಹಾಕಿ ಪರೀಕ್ಷೆ ಮಾಡು.”

“ವೇಗ ಇಳಿಸಿದರೆ ಮೈನಿಂಗ್ ಎಂತಕ್ಕೆ ಮಾರಾಯ್ತಿ? ಎಲ್ಲರೂ ಏರಿಸ್ತಾರೆ.”

“ಎಲ್ಲರ ಮನೆಯ ವಯರಿಂಗ್ ನೀನು ನೋಡಿದ್ದೀಯಾ?”

ತಾರಾನಾಥ ನಕ್ಕುಬಿಟ್ಟ. ತಂಗಿ ಹೋದ ಮೇಲೆ, ನಿಂತ ಯಂತ್ರ ತಾನಾಗಿಯೇ ಮತ್ತೆ ಚಾಲೂ ಆಗುವ ಹಾಗೆ ಮಾಡಿದ. ರೋಗ ಹಾಗೇ ಉಳಿಯಿತು.

ಮರುದಿನ ಅವನು ಆದಿ ಉಡುಪಿಯ ಮಾರ್ಕೆಟಿಗೆ ಹೋಗಿದ್ದಾಗ ಬೋರ್ಡಿನಿಂದ ಹೊಗೆ ಎದ್ದಿತು. ಗಂಡನ ಯಂತ್ರ ಉಳಿಯಲಿ ಎಂದು ಪ್ರಫುಲ್ಲಾ ಓಡಿಹೋಗಿ ಪ್ಲಗ್ ಎಳೆದಳು. ಕರಗಿದ ಪ್ಲಾಸ್ಟಿಕ್ ಬಲಗೈಗೆ ಅಂಟಿಕೊಂಡಿತು. ಕೂಗು ಕೇಳಿ ಬಂದ ಪಕ್ಕದ ಮನೆಯ ದೇವದಾಸ ಮೇನ್ ಸ್ವಿಚ್ ಆರಿಸಿದ. ನಲ್ಲಿಯ ನೀರಿನಡಿ ಅವಳ ಕೈ ಹಿಡಿಸಿ, ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದ.

ಆಸ್ಪತ್ರೆಯಲ್ಲಿ ತಾರಾನಾಥನಿಗೆ ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ.

“ವಾಸನೆ ಬರ್ತದೆ ಅಂತ ನೀನು ಹೇಳಿದ್ದೆ,” ಎಂದ.

“ಹೇಳಿದ್ದೆ. ಯಂತ್ರ ಉಳಿಯಿತಾ?”

ಇವಳು ಬೈದಿದ್ದರೇ ಒಳ್ಳೆಯದಿತ್ತು ಅನ್ನಿಸಿತು ಅವನಿಗೆ.

ಗಾಯ ಮಾಯಿತು, ಆದರೆ ಅವಳ ಎರಡು ಬೆರಳು ಈಗ ಮಡಚುವುದಿಲ್ಲ. ಅವಳು ಹೇಳಿಕೊಡುತ್ತಾಳೆ, ತಾರಾನಾಥ ಹೂ ಕಟ್ಟುತ್ತಾನೆ. ಅವನ ಒರಟು ಕೈಯಲ್ಲಿ ಮೊಗ್ಗು ನಲುಗುತ್ತದೆ. ಮದುವೆಮನೆಯವರು ಈಗ ಬೇರೆ ಕಡೆ ಹೋಗುತ್ತಾರೆ. ಯಂತ್ರವನ್ನು ಅವನು ಕಳಚಿಟ್ಟಿದ್ದಾನೆ.

ಮೊನ್ನೆ ದೇವದಾಸ, ತಾನೂ ಅಂಥದ್ದೊಂದು ಜೋಡಿಸಬೇಕು ಎಂದ.

“ಜೋಡಿಸು, ಬೇಡ ಅನ್ನುವುದಿಲ್ಲ,” ಎಂದ ತಾರಾನಾಥ. “ಆದರೆ ಮೊದಲು ಯಶ್ಮಿತಾಳನ್ನು ಕರೆದು ತೋರಿಸು. ಅವಳು ಹೇಳಿದ ಹಾಗೆಯೇ ಮಾಡು. ನಾನು ಕೇಳಲಿಲ್ಲ ಮಾರಾಯ.”

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಇಂಥ ಯಂತ್ರ ಇರಬಹುದು. ಅದು ಪದೇ ಪದೇ ನಿಂತರೆ ವೇಗ ಇಳಿಸಿ, ಧೂಳು ತೆಗೆಯಿರಿ, ವಯರಿಂಗನ್ನು ತಿಳಿದವರಿಗೆ ತೋರಿಸಿ. ಹೊಗೆ ಕಂಡರೆ ಪ್ಲಗ್ಗಿಗೆ ಕೈ ಹಾಕಬೇಡಿ, ಮೇನ್ ಸ್ವಿಚ್ ಆರಿಸಿ. ಆ ಸ್ವಿಚ್ ಎಲ್ಲಿದೆ ಎಂದು ಮನೆಯವರಿಗೆಲ್ಲ ಇವತ್ತೇ ತೋರಿಸಿಕೊಡಿ. ಪ್ರಫುಲ್ಲಾಳಿಗೆ ಅದನ್ನು ಯಾರೂ ತೋರಿಸಿರಲಿಲ್ಲ.